ಲೆಕ್ಕದ ಹಾಳೆ

ನಮ್ಮ ಬಳ್ಳಾರಿಯ ಬಿಸಿಲನ್ನು ಬೈಯದವರಿಲ್ಲ. ಆ ಬಿಸಿಲೇ ಒಬ್ಬರ ಅನ್ನವನ್ನು ಉಳಿಸಿದ ಪ್ರಸಂಗವೊಂದು ಇಂದು ನೆನಪಾಗುತ್ತಿದೆ.

2016ರ ಬೇಸಿಗೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಗರದಲ್ಲಿ ಇಪ್ಪತ್ತು ಕೋಣೆಗಳ ವಸತಿಗೃಹ ನಡೆಸುತ್ತಿದ್ದ. ಒಂದು ಸಂಜೆ ಮನೆಗೆ ಬಂದವನು, “ಸರ್, ಕರೆಂಟ್ ಬಿಲ್ ಕಟ್ಟಿ ಸಾಕಾಗಿದೆ. ಕೋಣೆ ಗುಡಿಸುವ ಅಮ್ಮನನ್ನು ಬಿಡಿಸಬೇಕೆಂದಿದ್ದೇನೆ” ಎಂದ. ಆಕೆ ಕುರುಗೋಡಿನಿಂದ ದಿನವೂ ಬಸ್ಸಿನಲ್ಲಿ ಬರುವ ವಿಧವೆ.

“ಹತ್ತನೆಯ ತರಗತಿಯ ಪಾಠ ನೆನಪಿದೆಯೇನಪ್ಪಾ?” ಎಂದು ಹಾಳೆಯೊಂದನ್ನು ಮುಂದಿಟ್ಟೆ. 60 ವ್ಯಾಟಿನ 40 ಬಲ್ಬುಗಳು ದಿನಕ್ಕೆ ಆರು ಗಂಟೆ ಉರಿದರೆ 14.4 ಯೂನಿಟ್. 9 ವ್ಯಾಟಿನ ಎಲ್‌ಇಡಿ ಹಾಕಿದರೆ 2.16. 2000 ವ್ಯಾಟಿನ 20 ಗೀಸರುಗಳು ಅರ್ಧ ಗಂಟೆ ನಡೆದರೆ 20 ಯೂನಿಟ್. ತಲೆಯ ಮೇಲೆ ಇಷ್ಟು ಬಿಸಿಲಿರುವಾಗ, ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟು ತೆಗೆದ ವಿದ್ಯುತ್ತಿನಿಂದ ಸ್ನಾನದ ನೀರು ಕಾಯಿಸುವುದೇಕೆ? ಎರಡೂ ಸೇರಿ ತಿಂಗಳಿಗೆ 960 ಯೂನಿಟ್‌ಗೂ ಹೆಚ್ಚು ಉಳಿತಾಯ. ಎ.ಸಿ.ಯನ್ನು 18ರ ಬದಲು 24 ಡಿಗ್ರಿಗೆ ಇಟ್ಟರೆ ಇನ್ನಷ್ಟು.

ಅವನು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಿದ್ದ. ಬ್ಯಾಂಕಿನಲ್ಲಿ ಸಾಲ ಮಾಡಿ ಸೋಲಾರ್ ಹೀಟರ್ ಹಾಕಿಸಿದ. ಆಕೆಯ ಕೆಲಸ ಉಳಿಯಿತು.

ವ್ಯಾಟನ್ನು ಗಂಟೆಯಿಂದ ಗುಣಿಸುವುದನ್ನು ವರ್ಷಗಟ್ಟಲೆ ಅಂಕಗಳಿಗಾಗಿ ಕಲಿಸಿದ್ದೆ. ಆ ಗುಣಾಕಾರದಲ್ಲಿ ಒಂದು ಮನೆಯ ಒಲೆಯೂ ಅಡಗಿದೆಯೆಂದು ನಾನು ಕಲಿತದ್ದು ಅಂದು. ವ್ಯಾಪಾರದಲ್ಲಿರುವ ನನ್ನ ಶಿಷ್ಯರಲ್ಲಿ ಒಂದೇ ಕೋರಿಕೆ: ಖರ್ಚು ತಗ್ಗಿಸುವಾಗ ಮೊದಲು ಮೀಟರು ನೋಡಿ, ಆಮೇಲೆ ಮನುಷ್ಯರತ್ತ ನೋಡಿ.