ಎರಡು ನುಡಿಯ ದಾರಿಯಲ್ಲಿ

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬೆಳ್ತಂಗಡಿಯ ಬಸ್ಸನ್ನೇರಿದಾಗ ಮಳೆ ಆಗತಾನೆ ಬಿಟ್ಟಿತ್ತು. ಹಿಂದಿನ ಸೀಟುಗಳಲ್ಲಿ ತರುಣರ ತುಳು ಮಾತು ಹೊಳೆಯಂತೆ ಹರಿಯುತ್ತಿತ್ತು. ಕೀಟಲೆ, ಕ್ರಿಕೆಟ್ಟು, ಕಂಬಳ, ಎಲ್ಲವೂ ಅದರಲ್ಲೇ. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ಕಂಡೊಡನೆ ಎದ್ದು ಸ್ಥಳ ಬಿಟ್ಟು, “ಎಲ್ಲಿಗೆ ಸರ್, ಹೊರಟದ್ದು?” ಎಂದು ಕನ್ನಡಕ್ಕೆ ಹೊರಳಿದ. ನಾನು ತುಳುವನೆಂಬುದು ಅವನಿಗೆ ಗೊತ್ತು. ನಾನೂ ಕನ್ನಡದಲ್ಲಿಯೇ ಉತ್ತರಿಸಿದೆ.

ಬೆಂಗಳೂರಿನಲ್ಲಿ ಕೆಲವು ತಿಂಗಳು ನೌಕರಿ ಮಾಡಿ ಬಂದವನು ಅವನು. “ಅಲ್ಲಿ ನಮ್ಮ ಕನ್ನಡ ಕೇಳಿ ನಗಾಡ್ತಾರೆ ಸರ್, ಪುಸ್ತಕದ ಹಾಗುಂಟು ಅಂತ. ಇಂಗ್ಲಿಷಾದ್ರೆ ಎಲ್ಲರೂ ಕಲಿತೇ ಮಾತಾಡುವುದಲ್ವಾ? ಯಾರೂ ನಗುವುದಿಲ್ಲ” ಎಂದ.

ಪುಸ್ತಕದ ಕನ್ನಡವೇ ಸರಿ. ತುಳುವರ ಮಕ್ಕಳಲ್ಲಿ ಬಹುಮಂದಿಗೆ ಕನ್ನಡ ದೊರೆತದ್ದು ಶಾಲೆಯಲ್ಲಿ. ಅದರಲ್ಲಿ ನಗುವಂಥದೇನಿದೆ? 1874ರಲ್ಲಿ ಇದೇ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಕನ್ನಡದ ಮಕ್ಕಳಿಗೆ ಹಾಡು ಕಟ್ಟಿಕೊಟ್ಟವರು ಅವರೇ.

ಬೆಳ್ತಂಗಡಿಯಲ್ಲಿ ಅಕ್ಕನ ಮನೆ. ಊಟ ಮುಗಿದ ಮೇಲೆ ನಮ್ಮ ತಾಯಿ ಮೊಮ್ಮಗನನ್ನು “ಒಣಸ್ ಆಂಡಾ?” ಎಂದು ಅಕ್ಕರೆಯಿಂದ ಕೇಳಿದರು. “ಆಯ್ತು ಅಜ್ಜಿ” ಎಂದು ಹುಡುಗ ಕನ್ನಡದಲ್ಲಿ ಹೇಳಿ ಓಡಿದ. ತಾಯಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಬಾರದು. ಹುಡುಗನಿಗೆ ತುಳುವೂ ಹಾಗೆಯೇ. ಅಕ್ಕ ನನ್ನ ಮುಖ ನೋಡಿ, “ಎರಡೆರಡು ಭಾಷೆ ಹಾಕಿದರೆ ಅವನು ಶಾಲೆಯಲ್ಲಿ ಹಿಂದೆ ಬೀಳುವುದಿಲ್ಲವಾ? ನೀನೇ ಹೇಳು, ನೀನು ಮೇಷ್ಟ್ರು” ಎಂದಳು. ನಾನೇನು ಹೇಳಲಿ? ಹಿಂದೊಮ್ಮೆ ತರಗತಿಯಲ್ಲಿ ಹುಡುಗಿಯೊಬ್ಬಳು ಪದ್ಯದ ಅರ್ಥವನ್ನು ತುಳುವಿನಲ್ಲಿ ಸೊಗಸಾಗಿ ಹೇಳಿದಾಗ, “ಇಲ್ಲಿ ತುಳು ಬೇಡ” ಎಂದು ಕೂರಿಸಿದವನು ನಾನೇ. ಆ ವರ್ಷವೆಲ್ಲ ಆಕೆ ಮತ್ತೆ ಬಾಯಿ ತೆರೆಯಲಿಲ್ಲ.

2011ರ ಜನಗಣತಿಯಂತೆ ತುಳು ಮಾತೃಭಾಷೆಯವರು ಹದಿನೆಂಟು ಲಕ್ಷಕ್ಕೂ ಮಿಕ್ಕಿದ್ದರು. 2010ರ ದಶಕದಲ್ಲಿ ಶಾಲೆಗಳಲ್ಲಿ ತುಳು ಐಚ್ಛಿಕ ತೃತೀಯ ಭಾಷೆಯಾಗಿಯೂ ಬಂತು. ಆದರೆ ಅಕ್ಕನ ಅಡುಗೆಮನೆಗೆ ಜನಗಣತಿಯಿಂದ ಏನಾಗಬೇಕು?

ಗುರುವಾಯನಕೆರೆ, ವೇಣೂರು ದಾಟಿ ಮೂಡಬಿದಿರೆ ಸೇರಿದಾಗ ಇಳಿಹೊತ್ತು. ಹದಿನಾರನೆಯ ಶತಮಾನದ ರತ್ನಾಕರವರ್ಣಿಯ ಊರಿದು. ‘ಭರತೇಶ ವೈಭವ’ದ ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳನ್ನು ಕನ್ನಡದಲ್ಲಿ ಬರೆದ ಈ ಕವಿ, ಕಾವ್ಯದ ಮೊದಲಿನಲ್ಲೇ ಕನ್ನಡಿಗರೂ ತೆಲುಗರೂ ತುಳುವರೂ ತಂತಮ್ಮ ನುಡಿಯಲ್ಲಿ ಅದನ್ನು ಮೆಚ್ಚಬೇಕೆಂದು ಬಯಸಿದ, ಆ ತುಳು ಮಾತನ್ನು ಕನ್ನಡ ಪದ್ಯದೊಳಗೇ ಕೂರಿಸಿದ. ಅವನಿಗೆ ‘ಇಲ್ಲಿ ತುಳು ಬೇಡ’ ಎನ್ನುವ ಮೇಷ್ಟ್ರು ಸಿಕ್ಕಿರಲಿಲ್ಲವೆಂದು ತೋರುತ್ತದೆ!

ಸಾವಿರ ಕಂಬದ ಬಸದಿಯ ಮುಂದೆ ಕಾಲೇಜು ಹುಡುಗಿಯರ ಗುಂಪೊಂದು ನಿಂತಿತ್ತು. ಒಬ್ಬಳು ಬಂದು, “ಸರ್, ನಮ್ಮದೊಂದು ಫೋಟೋ ತೆಗೀಬಹುದಾ?” ಎಂದು ಮೊಬೈಲು ಚಾಚಿದಳು.

“ದೆಪ್ಪುವೆ” ಎಂದೆ.

ಅವರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಗೊಳ್ಳೆಂದು ನಕ್ಕರು. ಫೋಟೋ ತೆಗೆಯುವಷ್ಟರಲ್ಲಿ, “ಈರೆನ ಊರು ಓಲು?” ಎಂಬಲ್ಲಿಂದ ಆರಂಭವಾದ ಪ್ರಶ್ನೆಗಳು ಮುಗಿಯುವಂತೆಯೇ ಕಾಣಲಿಲ್ಲ.