ಚಾರ್ಜ್ ಏರದ ಪೆಟ್ಟಿಗೆ

ನಮ್ಮ ಕಣಿವೆಯ ಮನೆಮಾತಿನ ಕನ್ನಡ ಪದಗಳನ್ನು ಕುರಿತು ಲೇಖನವೊಂದನ್ನು ಬರೆದುಕೊಡಬೇಕೆಂದು ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ಕೇಳಿದ್ದರು. ಒಪ್ಪಿಕೊಂಡ ನಾನು ಗೊತ್ತುಪಡಿಸಿದ ದಿನಕ್ಕೆ ಕಳುಹಿಸಲಿಲ್ಲ. ಎರಡನೆಯ ಗಡುವಿಗೂ ಕಳುಹಿಸಲಿಲ್ಲ. ವರ್ಷಗಟ್ಟಲೆ ತಡವಾಗಿ ಬಂದ ಹುಡುಗರನ್ನು ಬಾಗಿಲಲ್ಲಿ ನಿಲ್ಲಿಸಿ ಕಾರಣ ಕೇಳಿದ ಮುಖ್ಯೋಪಾಧ್ಯಾಯನು ಈಗ ಸಂಘದ ಬಂಧುಗಳ ಎದುರು ಅದೇ ಬಾಗಿಲಲ್ಲಿ ನಿಂತಿದ್ದಾನೆ. ಕೇಳಿದ ಲೇಖನದ ಬದಲು, ಅದು ತಡವಾದ ಕಥೆಯನ್ನೇ ಬರೆದು ಒಪ್ಪಿಸುತ್ತಿದ್ದೇನೆ.

ನಮ್ಮಂಥವರ ಸ್ಥಿತಿಯನ್ನು ಬಲ್ಲವರು ಬಲ್ಲರು. ಬೋಡಿನಾಯಕನೂರು, ತೇನಿ, ಕಂಬಂ ಕಡೆಯ ಎಷ್ಟೋ ಒಕ್ಕಲು ಮನೆಗಳಲ್ಲಿ ಇಂದಿಗೂ ಒಲೆಯ ಮುಂದಿನ ಮಾತು ಕನ್ನಡ. ಹೊಸ್ತಿಲು ದಾಟಿದರೆ ತಮಿಳು. ಮನೆಯೊಳಗೆ ‘ಹಾಲು’ ಕುಡಿದು ಬೀದಿಯಲ್ಲಿ ‘ಪಾಲ್’ ಮಾರಿ ಬೆಳೆದವರು ನಾವು. ಓದು ಬರಹವೆಲ್ಲ ತಮಿಳಿನಲ್ಲೇ ಆಯಿತು. ಬಿ.ಎ. ಮುಗಿಸಿ ಬಿ.ಎಡ್. ಓದಲು ಮೈಸೂರಿಗೆ ಹೋದಾಗ, ಇಪ್ಪತ್ತೆರಡು ದಾಟಿದ ಮೇಲೆ, ಬಸ್ಸಿನ ಹಲಗೆಗಳನ್ನು ನೋಡಿ ನಾನು ಕನ್ನಡ ಅಕ್ಷರ ಕಲಿತೆ. ಆದುದರಿಂದ ನನ್ನ ಕನ್ನಡದಲ್ಲಿ ಎರಡು ಪದರಗಳಿವೆ: ತಾಯಿ ಕೊಟ್ಟದ್ದೊಂದು, ಗ್ರಂಥಾಲಯ ಕೊಟ್ಟದ್ದೊಂದು. ಹಳಗನ್ನಡ ಪಾಠದಲ್ಲಿ ‘ಆವು’ ಎಂಬ ಪದಕ್ಕೆ ಉಪನ್ಯಾಸಕರು ‘ಹಸು’ ಎಂದು ಅರ್ಥ ಹೇಳಿದಾಗ ನಾನು ಬೆಂಚಿನಲ್ಲಿ ನೆಟ್ಟಗೆ ಕುಳಿತೆ. ಕಂಬಂ ಪಟ್ಟಣದಲ್ಲಿ ನಮ್ಮವರು ತಲೆತಲಾಂತರದಿಂದ ದೇವರ ಹೆಸರಿನಲ್ಲಿ ಸಾಕಿಕೊಂಡು ಬಂದ ದನಗಳ ಹಿಂಡಿಗೆ ‘ದೇವರ ಆವು’ ಎಂಬ ಹೆಸರಿತ್ತಲ್ಲವೆ! ಪುಸ್ತಕದಲ್ಲಿ ಟಿಪ್ಪಣಿ ಬೇಡುವ ಪದವೊಂದು ನಮ್ಮಲ್ಲಿ ಕಾಲ ಮೇಲೆ ನಡೆಯುತ್ತಿತ್ತು.

ಅಂಥ ಪದಗಳನ್ನು ಬರೆದಿಡಬೇಕೆಂಬ ಆಸೆ ಅಂದಿನಿಂದಲೂ ಇತ್ತು. ಕೈಹಚ್ಚಿದ್ದು ನಿವೃತ್ತಿಯಾಗಿ ಎಷ್ಟೋ ವರ್ಷಗಳ ಮೇಲೆ. ನನ್ನ ಅಕ್ಕ ತೇವಾರಂ ರಸ್ತೆಯ ಒಂದು ಹಳ್ಳಿಯಲ್ಲಿದ್ದಾರೆ. ವಯಸ್ಸು ಎಂಬತ್ತಾರು. ದನದ ಬಣ್ಣ, ಕೊಂಬಿನ ತಿರುವು, ನೇಗಿಲಿನ ಅಂಗಾಂಗ, ಧಾನ್ಯ ಕೇರುವ ಬಗೆ ಇವುಗಳಿಗೆಲ್ಲ ಅವರ ಬಾಯಲ್ಲಿರುವ ಹೆಸರುಗಳು ನನ್ನ ಮಕ್ಕಳಿಗೆ ತಿಳಿಯವು, ನನಗೂ ಅರ್ಧ ಮರೆತಿವೆ. ವಾರಕ್ಕೊಮ್ಮೆ ಲ್ಯಾಪ್‌ಟಾಪ್ ಹೊತ್ತುಕೊಂಡು ಅಲ್ಲಿಗೆ ಹೋಗಿ, ಅವರು ಹೇಳಿದ್ದನ್ನು ಟೈಪು ಮಾಡಿಕೊಳ್ಳುತ್ತಿದ್ದೆ. ಮೊಮ್ಮಗಳು ಓದು ಮುಗಿಸಿ ಚೆನ್ನೈಯಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಬಿಟ್ಟುಹೋದ ಹಳೆಯ ಯಂತ್ರವದು. ಮೊಬೈಲಿನಲ್ಲಿ ಧ್ವನಿ ಹಿಡಿಯಬಾರದಿತ್ತೆ ಎಂದು ನೀವು ಕೇಳಬಹುದು. ಹಿಡಿಯಲು ನೋಡಿದೆ. ಮೊಬೈಲನ್ನು ಎದುರಿಗಿಟ್ಟರೆ ಅಕ್ಕ ಭಾಷಣ ಮಾಡುವವರಂತೆ ತಮಿಳಿಗೆ ತಿರುಗಿಬಿಡುತ್ತಾರೆ.

ಅಂದು ನಮ್ಮ ಭಾಗದಲ್ಲಿ ತಿಂಗಳಿಗೊಮ್ಮೆ ದುರಸ್ತಿಗಾಗಿ ವಿದ್ಯುತ್ ನಿಲ್ಲಿಸುವ ದಿನ. ಮೊದಲೇ ತಿಳಿದಿದ್ದರಿಂದ ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕಿದ್ದೆ. ಬೆಳಿಗ್ಗೆ ನೂರಕ್ಕೆ ನೂರು ತೋರಿಸಿತು. ಅಕ್ಕ ಒಳ್ಳೆಯ ಹುರುಪಿನಲ್ಲಿದ್ದರು. ಸುಮಾರು ನಲವತ್ತು ಪದಗಳಾಗಿದ್ದವು. ತೆರೆಯ ಮೂಲೆಯಲ್ಲಿ 38 ಎಂಬ ಅಂಕಿಯನ್ನು ನಾನೇ ಕಣ್ಣಾರೆ ನೋಡಿ, ಇನ್ನೂ ಬೇಕಾದಷ್ಟಿದೆ ಎಂದುಕೊಂಡೆ. ಮರುಗಳಿಗೆಯಲ್ಲಿ ತೆರೆ ಕಪ್ಪಾಯಿತು. ನಡುನಡುವೆ ಸೇವ್ ಮಾಡುವ ಅಭ್ಯಾಸವನ್ನು ನಾನು ಬೆಳೆಸಿಕೊಂಡಿರಲಿಲ್ಲ, ಅಷ್ಟೂ ಹೋಯಿತು.

“ಏನ್ ತಮ್ಮಾ, ನಿನ್ ಪೆಟ್ಟಿಗೆ ನನಗಿಂತ ಮುಂಚೆ ಮಲಗಿಬಿಡ್ತಾ?” ಎಂದರು ಅಕ್ಕ. ಮತ್ತೊಮ್ಮೆ ಹೇಳಿರೆಂದು ಬೇಡಿಕೊಂಡರೆ, “ಅವತ್ತಿನ ಮಾತು ಅವತ್ತಿಗೆ, ಹೋಗು” ಎಂದು ಎದ್ದುಹೋದರು. ಬಸ್ಸಿನಲ್ಲಿ ಹಿಂದಿರುಗುವಾಗ ನೆನಪಿನಿಂದ ಗೀಚಿಕೊಂಡದ್ದು ಇಪ್ಪತ್ತಾರು ಪದ ಮಾತ್ರ.

ಮನೆಗೆ ಬಂದು ವಿದ್ಯುತ್ ಬಂದ ಮೇಲೆ ತಂತಿ ಸಿಕ್ಕಿಸಿದರೆ ಯಂತ್ರವೇನೋ ಎದ್ದಿತು, ಆದರೆ ಬ್ಯಾಟರಿಯ ಚಿತ್ರದ ಬಳಿ ‘ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಎಂದು ಬರೆದಿತ್ತು. ಅನ್ನ ಬಡಿಸಿದೆ, ಉಣ್ಣುತ್ತಿಲ್ಲ ಎಂಬಂತೆ. ಮೊಮ್ಮಗಳಿಗೆ ಫೋನು ಮಾಡಿದೆ. “ತಾತಾ, ಗಾಬರಿಯಾಗಬೇಡಿ, ನಾನು ಹೇಳಿದ ಹಾಗೆ ಒಂದೊಂದೇ ಮಾಡಿ” ಎಂದಳು. ಅವಳಿಗೆ ನಾನು ಭಾಗಾಕಾರ ಕಲಿಸಿದ ರೀತಿಯೇ ಅದು.

ಮೊದಲು ಗೋಡೆಯ ಬೇರೆ ಪ್ಲಗ್ಗಿಗೆ ಬದಲಿಸಿ ನೋಡಿದ್ದಾಯಿತು, ವ್ಯತ್ಯಾಸವಿಲ್ಲ. ಆಮೇಲೆ ಯಂತ್ರವನ್ನು ಪೂರ್ತಿ ಆರಿಸಿ, ತಂತಿ ತೆಗೆದು, ಅಡಿಯಲ್ಲಿರುವ ಎರಡು ಚಿಲಕ ಸರಿಸಿ ಬ್ಯಾಟರಿಯನ್ನು ಹೊರತೆಗೆದೆ. ಅದು ಎಲ್ಲಿಯಾದರೂ ಉಬ್ಬಿದೆಯೇ ಎಂದು ಅವಳು ಎರಡು ಸಲ ಕೇಳಿದಳು. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಒತ್ತಲೂಬಾರದು, ಚುಚ್ಚಲೂಬಾರದು, ಮತ್ತೆ ಚಾರ್ಜಿಗೆ ಹಾಕಲೂಬಾರದು. ಬೆಂಕಿ ಹತ್ತುವ ಅಪಾಯವಿದೆ. ನಮ್ಮದು ಸಮತಟ್ಟಾಗಿಯೇ ಇತ್ತು. ಬ್ಯಾಟರಿಯಿಲ್ಲದೆ ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಒಳಗೆ ಉಳಿದ ವಿದ್ಯುತ್ತನ್ನು ಕಳೆದು, ಮತ್ತೆ ಎಲ್ಲವನ್ನೂ ಜೋಡಿಸಿದೆ. ಡಿವೈಸ್ ಮ್ಯಾನೇಜರ್ ಎಂಬಲ್ಲಿ ಬ್ಯಾಟರಿಯ ಹೆಸರನ್ನು ಅಳಿಸಿ ಯಂತ್ರವನ್ನು ಪುನಃ ಆರಂಭಿಸಿದರೆ ಅದು ಹೊಸದಾಗಿ ಗುರುತಿಸಿಕೊಳ್ಳುತ್ತದಂತೆ, ಅದನ್ನೂ ಮಾಡಿದೆ. ಬ್ಯಾಟರಿ ಬಾಳಿಕೆಗಾಗಿ ಅರವತ್ತಕ್ಕೋ ಎಂಬತ್ತಕ್ಕೋ ಚಾರ್ಜ್ ನಿಲ್ಲಿಸುವ ಏರ್ಪಾಡು ಕೆಲವು ಯಂತ್ರಗಳಲ್ಲಿರುತ್ತದೆ, ಅದನ್ನು ಕೆಟ್ಟಿತೆಂದು ಭ್ರಮಿಸುವವರುಂಟು. ನಮ್ಮದರಲ್ಲಿ ಅದೂ ಇರಲಿಲ್ಲ.

ಕೊನೆಗೆ ಕಪ್ಪು ಕಿಟಕಿಯೊಂದನ್ನು ತೆರೆಸಿ ‘ಪವರ್‌ಸಿಎಫ್‌ಜಿ’ ಎಂದು ಬರೆಸಿ, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ‘ಬ್ಯಾಟರಿ ರಿಪೋರ್ಟ್’ ಎಂಬ ಎರಡು ಪದಗಳನ್ನು ಸೇರಿಸಿ ಬರೆಸಿದಳು. ಯಂತ್ರವು ತನ್ನ ಪ್ರಗತಿಪತ್ರವನ್ನು ತಾನೇ ಬರೆದುಕೊಟ್ಟಿತು. ಅದರಲ್ಲಿ ನೋಡಬೇಕಾದದ್ದು ಎರಡು ಸಾಲು. ಹುಟ್ಟಿದಾಗಿನ ಸಾಮರ್ಥ್ಯ 41,440. ಈಗ ಪೂರ್ತಿ ತುಂಬಿದಾಗಿನ ಸಾಮರ್ಥ್ಯ 17,900. ನೂರಕ್ಕೆ 43. ಅಂದರೆ ತೆರೆಯ ಮೇಲೆ ಕಾಣುವ ‘ನೂರು’ ಹಿಂದಿನ ನೂರಲ್ಲ, ಅಳತೆಯ ಸೇರೇ ಕುಗ್ಗಿತ್ತು.

38ರಲ್ಲಿ ಆರಿಹೋದ ಗುಟ್ಟೂ ಅದರ ಪಕ್ಕದಲ್ಲೇ ಇದೆ. ಆ ಅಂಕಿಯನ್ನು ಯಂತ್ರ ಅಂದಾಜಿನಿಂದ ಬರೆಯುತ್ತದೆ. ಸವೆದ ಬ್ಯಾಟರಿ ಸುಮ್ಮನಿದ್ದಾಗ ಗಟ್ಟಿಯಾಗಿರುವಂತೆ ತೋರಿ, ಕೆಲಸದ ಭಾರ ಬಿದ್ದೊಡನೆ ಅದರ ವೋಲ್ಟೇಜು ಕುಸಿಯುತ್ತದೆ. ಕುಸಿದೊಡನೆ ಯಂತ್ರ ನಿಲ್ಲುತ್ತದೆ. ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿಗೆ ಗುರುತು ಬಿದ್ದಿದೆ, ತರಗತಿಯಲ್ಲಿ ಹುಡುಗನಿಲ್ಲ.

ಮರುದಿನ ಬೋಡಿ ಪೇಟೆಯ ರಿಪೇರಿ ಅಂಗಡಿಗೆ ಒಯ್ದೆ. ಏಲಕ್ಕಿ ಹರಾಜಿನ ದಿನವಾದ್ದರಿಂದ ಬೀದಿಯಲ್ಲಿ ಜೀಪುಗಳ ಸಾಲು, ಗಾಳಿಯಲ್ಲೆಲ್ಲ ಆ ಪರಿಮಳ. ಅಂಗಡಿಯ ಯುವಕ ವರದಿಯನ್ನು ನೋಡುತ್ತಲೇ, “ಅಯ್ಯಾ, ಬ್ಯಾಟರಿ ಮುಗಿದಿದೆ, ಬದಲಿಸಿಬಿಡಿ, 2,600 ರೂಪಾಯಿ” ಎಂದು ತಮಿಳಿನಲ್ಲಿ ಹೇಳಿದ. ಅವನ ಮಾತು ಸುಳ್ಳಲ್ಲ. ಆದರೆ ನನ್ನ ಮನಸ್ಸು ಒಪ್ಪಲಿಲ್ಲ. ಬ್ಯಾಟರಿ ಸವೆದಿದ್ದರೆ ಬೇಗ ತುಂಬಿ ಬೇಗ ಖಾಲಿಯಾಗಬೇಕು, ಏರುವುದೇ ಇಲ್ಲವೆಂದರೇನು? ಎರಡು ತಪ್ಪುಗಳಿರುವ ಲೆಕ್ಕದಲ್ಲಿ ಮೊದಲನೆಯ ತಪ್ಪು ಸಿಕ್ಕಿದೊಡನೆ ಕೆಂಪು ಶಾಯಿ ಮುಚ್ಚಿಡುವ ಉಪಾಧ್ಯಾಯರನ್ನು ನಾನು ಬಹಳ ಕಂಡಿದ್ದೇನೆ. ಯೋಚಿಸಿ ಹೇಳುತ್ತೇನೆಂದು ಬಂದುಬಿಟ್ಟೆ.

ಅಂದು ಪರೀಕ್ಷೆಯೊಂದನ್ನು ಮಾಡಿ ಡೈರಿಯಲ್ಲಿ ಬರೆದಿಟ್ಟೆ. ಯಂತ್ರ ಆರಿಸಿಟ್ಟು ಒಂದು ಗಂಟೆ ಚಾರ್ಜಿಗೆ ಹಾಕಿದಾಗ 22ರಿಂದ 47ಕ್ಕೆ ಏರಿತು. ಯಂತ್ರ ನಡೆಸುತ್ತಾ ಒಂದು ಗಂಟೆ ಹಾಕಿದಾಗ 47ರಿಂದ 44ಕ್ಕೆ ಇಳಿಯಿತು. ಎಂಟನೆಯ ತರಗತಿಗೆ ನಾನು ಕೊಡುತ್ತಿದ್ದ ತೊಟ್ಟಿಯ ಲೆಕ್ಕ ನೆನಪಾಯಿತು: ಒಂದು ನಲ್ಲಿ ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ತೊಟ್ಟಿ ಎಷ್ಟು ಹೊತ್ತಿಗೆ ತುಂಬೀತು? ಹುಡುಗರು ಯಾವಾಗಲೂ ಎರಡನೆಯ ನಲ್ಲಿಯನ್ನು ಮರೆಯುತ್ತಿದ್ದರು. ಇಲ್ಲಿ ನಾನು ಮೊದಲನೆಯ ನಲ್ಲಿಯನ್ನೇ ಸರಿಯಾಗಿ ನೋಡಿರಲಿಲ್ಲ.

ಭೂತಗನ್ನಡಿ ಹಿಡಿದು ಲ್ಯಾಪ್‌ಟಾಪಿನ ಬೆನ್ನಿನ ಬರಹ ಓದಿದೆ: 19.5 ವೋಲ್ಟ್, 3.34 ಆಂಪಿಯರ್. ಚಾರ್ಜರಿನ ಮೇಲೆ: 19.5 ವೋಲ್ಟ್, 2.31 ಆಂಪಿಯರ್. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಯಂತ್ರ ಕೇಳುವುದು 65, ಚಾರ್ಜರು ಕೊಡುವುದು 45. ಯಂತ್ರದ ಜೊತೆಗೆ ಬಂದಿದ್ದ ಚಾರ್ಜರಿನ ತಂತಿಯನ್ನು ಕಳೆದ ಪೊಂಗಲಿನ ಹೊತ್ತಿಗೆ ಇಲಿ ಕಡಿದಿತ್ತು. ಪಿನ್ನು ಹೊಂದುತ್ತದೆ ಎಂಬುದೊಂದನ್ನೇ ನೋಡಿ ಪರವೂರಿನ ಅಂಗಡಿಯಿಂದ ಬೇರೊಂದನ್ನು ಕೊಂಡು ತಂದವನು ನಾನೇ. ವೋಲ್ಟ್ ಸರಿಯಾಗಿದ್ದುದರಿಂದ ಯಂತ್ರ ಹೇಗೋ ನಡೆಯುತ್ತಿತ್ತು. ಆದರೆ ಚಾರ್ಜರಿನ ಶಕ್ತಿಯನ್ನು ವಿಚಾರಿಸಿಕೊಂಡು, ಸಾಲದೆಂದು ಕಂಡರೆ ಮೊದಲು ತನ್ನ ಕೆಲಸ ನಡೆಸಿಕೊಂಡು ಬ್ಯಾಟರಿಯನ್ನು ಉಪವಾಸ ಕೆಡಹುವ ಯಂತ್ರಗಳಿವೆ. ನಮ್ಮದು ಆ ಜಾತಿಯದು. ಆರಿಸಿಟ್ಟಾಗ ಮಾತ್ರ ಬ್ಯಾಟರಿಗೆ ಪಾಲು ಸಿಗುತ್ತಿತ್ತು.

ಬ್ಯಾಟರಿ ಇಷ್ಟು ಬೇಗ ಸವೆದುದರಲ್ಲೂ ನನ್ನ ಕೈವಾಡವಿದೆ, ಮುಚ್ಚಿಡುವುದಿಲ್ಲ. ಪೂರ್ತಿ ಖಾಲಿಯಾಗುವವರೆಗೆ ಬಳಸಿಯೇ ಚಾರ್ಜಿಗೆ ಹಾಕಬೇಕು ಎಂದು ನಾನು ಮನೆಮಂದಿಗೆಲ್ಲ ಉಪದೇಶ ಮಾಡುತ್ತಿದ್ದೆ. ಅದು ಹಿಂದಿನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ನಿಯಮ. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿಗೆ ಅದು ಒಗ್ಗುವುದಿಲ್ಲ. ಪೂರ್ತಿ ಬರಿದಾಗುವುದೂ, ಸದಾ ತುಂಬಿಯೇ ಇರುವುದೂ, ಎಲ್ಲಕ್ಕಿಂತ ಮಿಗಿಲಾಗಿ ಬಿಸಿಯೂ ಅದರ ಆಯಸ್ಸನ್ನು ತಿನ್ನುತ್ತವೆ. ಇಪ್ಪತ್ತಕ್ಕೂ ಎಂಬತ್ತಕ್ಕೂ ನಡುವೆ ಇಟ್ಟರೆ ಬಹುಕಾಲ ಬಾಳುತ್ತದೆ. ನಾನೋ, ಹಗಲೆಲ್ಲ ಬರಿದು ಮಾಡಿ, ರಾತ್ರಿಯೆಲ್ಲ ಹತ್ತಿಯ ಹಾಸಿಗೆಯ ಮೇಲಿಟ್ಟು ಚಾರ್ಜಿಗೆ ಹಾಕುತ್ತಿದ್ದೆ. ಗಾಳಿಯಾಡುವ ಕಿಂಡಿಗಳು ಅಡಿಯಲ್ಲಿವೆ ಎಂಬುದು ಹೊಳೆದಿರಲಿಲ್ಲ. ಈ ಬ್ಯಾಟರಿಯ ಶೋಧಕ್ಕಾಗಿ 2019ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಜಾನ್ ಗುಡೆನಫ್ ಅವರಿಗೆ ಆಗ 97 ವರ್ಷ. ಎಪ್ಪತ್ತು ದಾಟಿದ ನಾನು ಇದನ್ನೆಲ್ಲ ಈಗ ಕಲಿತೆನೆಂದು ನಾಚಿಕೊಳ್ಳಬೇಕಾಗಿಲ್ಲವಷ್ಟೆ!

65 ವ್ಯಾಟಿನ ಸರಿಯಾದ ಚಾರ್ಜರನ್ನು ಮೊಮ್ಮಗಳೇ ತಂದಳು. 2010ರ ಕೊನೆಯಲ್ಲಿ ಹಳಿ ಬದಲಿಸಲೆಂದು ನಿಂತುಹೋದ ನಮ್ಮೂರಿನ ರೈಲು 2023ರ ಜೂನ್‌ನಲ್ಲಿ ಮರಳಿ ಬಂದಿದೆ. ಚೆನ್ನೈಯಲ್ಲಿ ರಾತ್ರಿ ಹತ್ತಿದರೆ ಬೆಳಿಗ್ಗೆ ಬೋಡಿ. ಚಾರ್ಜರನ್ನು ಸಿಕ್ಕಿಸಿದೊಡನೆ, ಯಂತ್ರ ನಡೆಯುತ್ತಿರುವಾಗಲೇ ಅಂಕಿ ಏರತೊಡಗಿತು. ಬಳಿಕ ಪೇಟೆಯ ಯುವಕನ ಅಂಗಡಿಗೂ ಹೋಗಿ ಹೊಸ ಬ್ಯಾಟರಿ ಹಾಕಿಸಿದೆ. ಅರ್ಧ ಸತ್ಯವಾದರೂ ಅವನು ಹೇಳಿದ್ದು ಸತ್ಯವೇ. ಬ್ಯಾಟರಿಯೊಂದನ್ನೇ ಬದಲಿಸಿದ್ದರೆ, ಹೊಸದೂ ಅದೇ ಬಡ ಚಾರ್ಜರಿನ ಕೆಳಗೆ ಹಸಿದು ಕೂರುತ್ತಿತ್ತು. ಇದನ್ನು ಅವನಿಗೆ ವಿವರಿಸಿದಾಗ ಅವನು ನನ್ನ ಚಾರ್ಜರನ್ನು ತಿರುಗಿಸಿ ನೋಡಿ, “ಇನ್ನು ಮೇಲೆ ಮೊದಲು ಇದನ್ನೇ ನೋಡುತ್ತೇನೆ, ಅಯ್ಯಾ” ಎಂದ. ಹಳೆಯ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕದೆ ಅವನಲ್ಲಿಯೇ ಬಿಟ್ಟುಬಂದೆ.

ಈ ಗಲಾಟೆಯಲ್ಲಿ ಐದು ವಾರಗಳು ಕಳೆದವು. ಐದು ವಾರ ನನಗೆ ಏನೂ ಅಲ್ಲ; ಎಂಬತ್ತಾರು ವರ್ಷದವರ ಪಾಲಿಗೆ ಅದು ಸಣ್ಣ ಲೆಕ್ಕವಲ್ಲ. ಮತ್ತೆ ಹೋದಾಗ ಅಕ್ಕ ಸ್ವಲ್ಪ ಇಳಿದಿದ್ದರು. ಹಿಂದೆ ಹೇಳಿದ್ದ ಎತ್ತಿನ ಬಣ್ಣವೊಂದರ ಹೆಸರನ್ನು ಕೇಳಿದೆ. ಬಹಳ ಹೊತ್ತು ಮಾಡು ನೋಡುತ್ತಾ ಕುಳಿತು, “ನಾಲಿಗೆ ತುದೀಲೈತೆ, ಬರ್ತಾ ಇಲ್ಲ” ಎಂದರು. ಅದು ಇನ್ನೂ ಬಂದಿಲ್ಲ. ಅಂದು ಕಳೆದ ನಲವತ್ತರಲ್ಲಿ ಇಪ್ಪತ್ತಾರು ನನ್ನ ನೆನಪಿನಿಂದ, ಏಳು ಅವರಿಂದ ಮತ್ತೆ ದೊರೆತವು. ಉಳಿದವು ಬೇರೆ ಯಾವುದಾದರೂ ಮನೆಯಲ್ಲಿ ಇದ್ದರೂ ಇರಬಹುದು. ಈ ಸಂಚಿಕೆಯನ್ನು ಓದುವ ನಮ್ಮ ಕಡೆಯ ಕುಟುಂಬಗಳು ಹಿರಿಯರನ್ನು ಕೇಳಿ ನೋಡಬೇಕೆಂದು ಬೇಡುತ್ತೇನೆ.

ಪಟ್ಟಿಯಲ್ಲಿ ಈಗ 212 ಪದಗಳಿವೆ. ಲೇಖನವು ಮುಂದಿನ ವರ್ಷಕ್ಕೆ. ಅಕ್ಕನ ಮನೆಯಲ್ಲಿ ಲ್ಯಾಪ್‌ಟಾಪನ್ನು ಈಗ ಹಾಸಿಗೆಯ ಮೇಲಿಡುವುದಿಲ್ಲ. ಬಳಕೆ ತಪ್ಪಿದ ಅವರ ರುಬ್ಬುವ ಕಲ್ಲಿನ ಮೇಲೆ ಹಲಗೆ ಹಾಕಿ ಇಡುತ್ತೇವೆ, ತಣ್ಣಗಿರುತ್ತದೆ. ಬಾಯಲ್ಲಿಯ ಎಲೆಅಡಿಕೆಯನ್ನು ಒಂದು ಕಡೆಗೆ ಸರಿಸಿಕೊಂಡು ಅಕ್ಕ ಮೊದಲು ಕೇಳುವ ಪ್ರಶ್ನೆಯೂ ಬದಲಾಗಿದೆ.

“ಎಷ್ಟೈತೆ ತಮ್ಮಾ?”

“ಎಂಬತ್ತೈತೆ ಅಕ್ಕಾ.”

“ಹಾಗಾದ್ರೆ ಬರ್ಕೋ.”