ವಿಲನ್ ಇಲ್ಲದ ಥ್ರಿಲ್ಲರ್

ರಾಬಿನ್ ಕುಕ್ ಹೆಸರು ಕೇಳೀರೇನು? ಅಮೆರಿಕದ ಕಣ್ಣಿನ ಡಾಕ್ಟ್ರು, ಮೆಡಿಕಲ್ ಥ್ರಿಲ್ಲರ್ ಬರೀತಾರ. 1987ರ ಅವರ ‘ಔಟ್‌ಬ್ರೇಕ್’ ಕಾದಂಬರಿಯಲ್ಲಿ ಎಬೋಲಾ ತಾನಾಗಿ ಬರಂಗಿಲ್ಲ, ಬೇಕಂತಲೇ ಹಬ್ಬಿಸ್ತಾರ. ಓದಾಕ ಮಜಾ ಐತಿ. ಆದ್ರ 1957ರಲ್ಲಿ ನಮ್ಮ ಕರ್ನಾಟಕದಾಗ ನಡೆದದ್ದು ಅದಕ್ಕಿಂತ ಜೋರು.

ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು, ಕ್ಯಾಸನೂರು ಕಾಡು. ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲ ಹಳ್ಳಿ ಜನರಿಗೂ ಜ್ವರ. ಪುಣೆಯಿಂದ ಬಂದ ವೈರಸ್ ವಿಜ್ಞಾನಿಗಳಿಗೆ ಮೊದಲ ಅನುಮಾನ ಹಳದಿ ಜ್ವರದ ಮೇಲೆ. ಸ್ವಲ್ಪ ಯೋಚನೆ ಮಾಡ್ರಿ: ಭಾರತದಾಗ ಆ ಜ್ವರ ಇಲ್ಲ, ಆದ್ರ ಅದನ್ನ ಹರಡೋ ಸೊಳ್ಳೆ (ಡೆಂಗಿ ತರೋದೂ ಅದೇ) ಊರೂರಿಗೂ ಐತಿ. ಅನುಮಾನ ನಿಜ ಆಗಿದ್ರ?

ಆಗಲಿಲ್ಲ. ಸಿಕ್ಕಿದ್ದು ಹೊಸಾ ವೈರಸ್ಸು. ಅದನ್ನ ಹೊತ್ತು ತಿರುಗೋದು ಉಣ್ಣಿ. ನಮ್ಮ ಎತ್ತು-ಎಮ್ಮೆ ಮೈಮ್ಯಾಲೆ ನೋಡೀವಲ್ಲ, ಅದರ ಬಳಗ. ಮಂಗ ಸತ್ತು ಬಿತ್ತಂದ್ರ ಉಣ್ಣಿ ಕೆಳಗಿಳಿದು ಇನ್ನೊಂದು ಮೈ ಹುಡುಕ್ತಾವ. ಕಟ್ಟಿಗೆಗೆ, ತರಗೆಲೆಗೆ ಹೋದವರಿಗೆ ಕಚ್ಚತಾವ. ಮನುಷ್ಯರಿಂದ ಮನುಷ್ಯರಿಗೆ ಮಾತ್ರ ಹರಡಂಗಿಲ್ಲ. ಕುಕ್ ಬರೆದಿದ್ರ ಈ ನಿಯಮ ಮುರಿದೇ ಬಿಡ್ತಿದ್ರು!

ಜನ ಅದನ್ನ ಮಂಗನ ಕಾಯಿಲೆ ಅಂತಾರ. ಪಾಪ, ಮಂಗನೂ ಅದರಿಂದಲೇ ಸಾಯೋದು. ಮಲೆನಾಡಿನಾಗ ಈಗಲೂ ಸತ್ತ ಮಂಗ ಕಂಡ್ರ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸ್ತಾರ.